ಕಾರಿನ ಆಯಿಲ್ ತಾನಾಗೇ ಜಾಸ್ತಿ ಆಗ್ತಿದೆಯಾ? ಖುಷಿಪಡಬೇಡಿ

ಮೆಟ್ರೋದಲ್ಲಿ ನಿಂತು ಕೇಳ್ತಿರೋರಿಗೂ ಸ್ವಾಗತ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂತು ಕೇಳ್ತಿರೋರಿಗೂ ಸ್ವಾಗತ. ಸಿಗ್ನಲ್‌ನಲ್ಲಿ ಕೂತಿರೋರು ಸ್ವಲ್ಪ ಜಾಸ್ತಿನೇ ಕಿವಿಗೊಡಿ, ಇವತ್ತಿನ ವಿಷಯ ನಿಮ್ಮ ಕಾರಿಗೇ ಹತ್ತಿರದ್ದು.

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಟರ್ಬೊ ಪೆಟ್ರೋಲ್ ಕಾರು, ತಗೊಂಡು ಎಂಟು ತಿಂಗಳಾಗಿದೆ, ಓಡಿರೋದು ಎರಡೂವರೆ ಸಾವಿರ ಕಿಲೋಮೀಟರ್. ಮನೆಯಿಂದ ಆಫೀಸಿಗೆ ಮೂರೂವರೆ ಕಿಲೋಮೀಟರ್, ಹೆಚ್ಚುಕಮ್ಮಿ ಅಷ್ಟೇ ಓಡಾಟ. ಒಂದು ದಿನ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡಿದ್ರೆ ಆಯಿಲ್ ಮೇಲಿನ ಗೆರೆಗಿಂತ ಮೇಲೆ ಇದೆ. ಮೂಗಿನ ಹತ್ತಿರ ಹಿಡಿದ್ರೆ ಪೆಟ್ರೋಲ್ ವಾಸನೆ. ಸರ್ವೀಸ್ ಸೆಂಟರ್‌ನಲ್ಲಿ ಕೇಳಿದ್ದಕ್ಕೆ ಬಂದ ಉತ್ತರ: "ಕಡಿಮೆ ಆದ್ರೆ ತಾನೇ ಸರ್ ಚಿಂತೆ, ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?"

ಅಲ್ಲ. ಎಂಜಿನ್ ಆಯಿಲ್ ತಾನಾಗೇ ಹುಟ್ಟಲ್ಲ. ಮಟ್ಟ ಏರಿದೆ ಅಂದ್ರೆ ಅದರೊಳಗೆ ಬೇರೆ ಏನೋ ಸೇರಿದೆ. ಶುರುವಿನಲ್ಲಿ ಯಾರೋ ಜಾಸ್ತಿ ತುಂಬಿರಬಹುದು, ಅದನ್ನ ಮೊದಲು ಕೇಳಿ ತಿಳ್ಕೊಳ್ಳಿ. ಆದ್ರೆ ಗೆರೆಯಲ್ಲೇ ಇದ್ದ ಆಯಿಲ್ ತಿಂಗಳಿಂದ ತಿಂಗಳಿಗೆ ಏರ್ತಾ ಇದ್ದು ಪೆಟ್ರೋಲ್ ವಾಸನೆಯೂ ಬರ್ತಿದ್ರೆ, ಹಾಲಿಗೆ ನೀರು ಬೆರೆತ ಕಥೆನೇ ಅದು. ಇದಕ್ಕೆ ಫ್ಯುಯೆಲ್ ಡೈಲ್ಯೂಷನ್ ಅಂತಾರೆ. ನಾವು ಇಂಧನ ಬೆರಕೆ ಅನ್ನೋಣ.

ಪೆಟ್ರೋಲ್ ಆಯಿಲ್‌ಗೆ ಹೋಗೋದು ಹೇಗೆ? ಹಳೇ ಥರದ ಎಂಪಿಎಫ್‌ಐ ಎಂಜಿನ್‌ನಲ್ಲಿ ಇಂಜೆಕ್ಟರ್ ಪೆಟ್ರೋಲನ್ನ ಸಿಲಿಂಡರಿನ ಹೊರಗೆ, ಗಾಳಿ ಬರೋ ದಾರಿಯಲ್ಲಿ ಸಿಂಪಡಿಸುತ್ತೆ. ಅಲ್ಲೇ ಗಾಳಿ ಜೊತೆ ಬೆರೆತು, ಸಾಕಷ್ಟು ಆವಿಯಾಗಿ ಒಳಗೆ ಹೋಗುತ್ತೆ. ಡೈರೆಕ್ಟ್ ಇಂಜೆಕ್ಷನ್, ಅಂದ್ರೆ ಜಿಡಿಐ ಎಂಜಿನ್‌ನಲ್ಲಿ ಇಂಜೆಕ್ಟರ್ ಸಿಲಿಂಡರಿನ ಒಳಗೇ ಇರುತ್ತೆ. ಹಳೇದರಲ್ಲಿ ಒತ್ತಡ ಮೂರು ನಾಲ್ಕು ಬಾರ್, ಇದರಲ್ಲಿ ನೂರರಿಂದ ಮುನ್ನೂರೈವತ್ತು ಬಾರ್ ತನಕ. ಪೆಟ್ರೋಲ್ ಹನಿಗೆ ಆವಿಯಾಗೋಕೆ ಸಿಗೋ ಸಮಯ ಕೆಲವೇ ಮಿಲಿಸೆಕೆಂಡ್. ಎಂಜಿನ್ ತಣ್ಣಗಿದ್ರೆ ಒಂದಷ್ಟು ಹನಿ ಸಿಲಿಂಡರ್ ಗೋಡೆಗೆ ಬಡಿದು ದ್ರವವಾಗೇ ಉಳಿಯುತ್ತೆ. ಪಿಸ್ಟನ್ ರಿಂಗ್ ಅದನ್ನ ಕೆಳಗೆ ಕೆರೆದು ತಳ್ಳುತ್ತೆ. ಕೆಳಗಿರೋದೇ ಆಯಿಲ್ ಸಂಪ್. ತಣ್ಣಗಿನ ಎಂಜಿನ್‌ಗೆ ಕಂಪ್ಯೂಟರ್ ಬೇಕಂತಲೇ ಪೆಟ್ರೋಲ್ ಜಾಸ್ತಿ ಕೊಡುತ್ತೆ, ಹಾಗಾಗಿ ಬೆಳಿಗ್ಗೆಯ ಮೊದಲ ಕೆಲವು ನಿಮಿಷದಲ್ಲೇ ಹೆಚ್ಚು ಬೆರಕೆ ಆಗೋದು.

ಇದು ಎಲ್ಲ ಜಿಡಿಐ ಕಾರಲ್ಲೂ ಸ್ವಲ್ಪ ಆಗುತ್ತೆ, ಅದು ದೋಷ ಅಲ್ಲ. ಆಯಿಲ್ 90-100 ಡಿಗ್ರಿಗೆ ಬಿಸಿಯಾಗಿ ಸ್ವಲ್ಪ ಹೊತ್ತು ಹಾಗೇ ಓಡಿದ್ರೆ ಪೆಟ್ರೋಲಿನ ಹಗುರ ಭಾಗ ಆವಿಯಾಗಿ, ಪಿಸಿವಿ ವಾಲ್ವ್ ಮೂಲಕ ಮತ್ತೆ ಎಂಜಿನ್‌ಗೇ ಹೋಗಿ ಉರಿದು ಹೋಗುತ್ತೆ. ಅಂದ್ರೆ ಒಂದು ಕಡೆ ಬೆರಕೆ, ಇನ್ನೊಂದು ಕಡೆ ಆವಿ. ಯಾವುದು ಗೆಲ್ಲುತ್ತೆ ಅನ್ನೋದು ನೀವು ಹೇಗೆ ಓಡಿಸ್ತೀರಿ ಅನ್ನೋದರ ಮೇಲೆ ನಿಂತಿದೆ.

ನಿಮ್ಮದು ಯಾವ ಥರದ ಕಾರು ಅಂತ ಗೊತ್ತಿದೆಯಾ? ಟರ್ಬೊ ಅಂದ ತಕ್ಷಣ ಜಿಡಿಐ ಅಂತಲ್ಲ. ಟಾಟಾ ನೆಕ್ಸಾನ್‌ನ 1.2 ಟರ್ಬೊ ಪೆಟ್ರೋಲ್ ಎಂಪಿಎಫ್‌ಐ. ಹ್ಯುಂಡೈ ವೆನ್ಯೂ, ಕಿಯಾ ಸೋನೆಟ್‌ನ 1.0 ಟರ್ಬೊ, ಸೆಲ್ಟೋಸ್‌ನ 1.5 ಟರ್ಬೊ, ಫೋಕ್ಸ್‌ವ್ಯಾಗನ್-ಸ್ಕೋಡಾದ ಟಿಎಸ್‌ಐಗಳು, ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್, ಎಕ್ಸ್‌ಯುವಿ700ರ ಪೆಟ್ರೋಲ್, ಇವೆಲ್ಲ ಡೈರೆಕ್ಟ್ ಇಂಜೆಕ್ಷನ್. ಮಹೀಂದ್ರಾ 3ಎಕ್ಸ್‌ಒದಲ್ಲಂತೂ ಒಂದೇ ಕಾರಿಗೆ ಎರಡು ಥರದ ಟರ್ಬೊ ಪೆಟ್ರೋಲ್ ಇದೆ, ಒಂದು ಎಂಪಿಎಫ್‌ಐ, ಇನ್ನೊಂದು ಟಿಜಿಡಿಐ. ಶೋರೂಮ್‌ನಲ್ಲಿ ಸನ್‌ರೂಫ್ ಬಗ್ಗೆ ಅರ್ಧ ಗಂಟೆ ಹೇಳ್ತಾರೆ, ಇದನ್ನ ಹೇಳಲ್ಲ.

ಇದು ಸಣ್ಣ ವಿಷಯ ಅನ್ಸಿದ್ರೆ, ಚೀನಾದಲ್ಲಿ ಏನಾಯ್ತು ನೋಡಿ.

2017-18ರ ಚಳಿಗಾಲ. ಹೋಂಡಾದ 1.5 ಲೀಟರ್ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಇರೋ ಸಿಆರ್-ವಿ ಮತ್ತು ಸಿವಿಕ್. ಉತ್ತರ ಚೀನಾದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಮಾಲೀಕರು ದೂರು ಶುರು ಮಾಡಿದ್ರು: ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಏರ್ತಿದೆ, ಕಾರಿನೊಳಗೆ ಪೆಟ್ರೋಲ್ ವಾಸನೆ ಬರ್ತಿದೆ. 2018ರ ಆರಂಭದಲ್ಲಿ ಹೋಂಡಾದ ಅಲ್ಲಿನ ಜಂಟಿ ಕಂಪನಿ ಮೂರೂವರೆ ಲಕ್ಷದಷ್ಟು ಕಾರುಗಳನ್ನ ವಾಪಸ್ ಕರೆಸಿ ಸರಿಮಾಡ್ತೀವಿ ಅಂತ ಮುಂದೆ ಬಂತು. ಚೀನಾದ ಗುಣಮಟ್ಟ ನಿಯಂತ್ರಣ ಸಂಸ್ಥೆ ಆ ಪರಿಹಾರ ಸಾಲದು ಅಂತ ಒಪ್ಪಲೇ ಇಲ್ಲ. ಮಾರ್ಚ್‌ನಲ್ಲಿ ಹೊಸ ಸಿಆರ್-ವಿ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯ್ತು. ಮುಂದೆ ಅಮೆರಿಕದಲ್ಲೂ ಅದೇ ದೂರು ಬಂದಾಗ, ಚಳಿ ಜಾಸ್ತಿ ಇರೋ ರಾಜ್ಯಗಳಲ್ಲಿ ಈ ಕಾರುಗಳ ಎಂಜಿನ್ ವಾರಂಟಿಯನ್ನ ಕಂಪನಿ ಒಂದು ವರ್ಷ ಹೆಚ್ಚಿಸಿತು. ಸಾಫ್ಟ್‌ವೇರ್ ಬದಲಾಯಿಸಿತು. ಆ ಬದಲಾವಣೆಯ ಉದ್ದೇಶ ಒಂದೇ, ಎಂಜಿನ್ ಬೇಗ ಬಿಸಿಯಾಗಲಿ ಅಂತ.

ಒಳ್ಳೇ ಹೆಸರಿದ್ದ ಎಂಜಿನ್‌ಗೆ ಯಾಕೆ ಹೀಗಾಯ್ತು? ಒಂದು ವಿಚಿತ್ರ ನೋಡಿ, ಅದು ಚೆನ್ನಾಗಿದ್ದಿದ್ದೇ ತೊಂದರೆಯ ಒಂದು ಭಾಗ. ಹೊಸ ಕಾಲದ ಎಂಜಿನ್ ಮೈಲೇಜ್ ಕೊಡೋದೇ ಶಾಖವನ್ನ ಕಡಿಮೆ ಪೋಲು ಮಾಡಿ. ಶಾಖ ಪೋಲಾಗದಿದ್ರೆ ಎಂಜಿನ್ ಬಿಸಿಯಾಗೋಕೆ ಹೊತ್ತು ಹಿಡಿಯುತ್ತೆ. ಅದರ ಜೊತೆ ಚಳಿ, ಅದರ ಜೊತೆ ಪಕ್ಕದ ಬೀದಿಯ ಅಂಗಡಿಗೆ ಹೋಗಿ ಬರೋ ಓಡಾಟ.

ಭಾರತಕ್ಕೆ ಬಂದ ಸಿವಿಕ್, ಸಿಆರ್-ವಿಗಳಲ್ಲಿ ಈ 1.5 ಟರ್ಬೊ ಇರಲಿಲ್ಲ. ನಮ್ಮಲ್ಲಿ ಆ ಚಳಿಯೂ ಇಲ್ಲ. ಹಾಗಾದ್ರೆ ಬೆಂಗಳೂರಿನವರು, ಹುಬ್ಬಳ್ಳಿಯವರು ನಿಶ್ಚಿಂತೆಯಿಂದ ಇರಬಹುದಾ? ಅರ್ಧ ಹೌದು. ಚಳಿ ಇಲ್ಲದಿರೋದು ನಮ್ಮ ದೊಡ್ಡ ಅದೃಷ್ಟ. ಆದ್ರೆ ಇನ್ನೊಂದು ಕಾರಣ, ಅಂದ್ರೆ ಸಣ್ಣ ಓಡಾಟ, ಅದು ನಮ್ಮಲ್ಲಿ ಬೇಕಾದಷ್ಟಿದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದ್ರೆ ಬಿಸಿಯಾಗಿರೋದು ಕೂಲೆಂಟ್. ಆಯಿಲ್ ಅದಕ್ಕಿಂತ ಎಷ್ಟೋ ಹಿಂದೆ ಇರುತ್ತೆ. ಮೂರೂವರೆ ಕಿಲೋಮೀಟರ್ ಓಡಿ ಆಫ್ ಮಾಡಿದ್ರೆ ಆಯಿಲ್ ಬಿಸಿಯಾಗೋ ಹೊತ್ತಿಗೆ ನೀವು ಲಿಫ್ಟ್‌ನಲ್ಲಿರ್ತೀರಿ. ಸಂಜೆ ಮತ್ತೆ ತಣ್ಣಗಿನ ಸ್ಟಾರ್ಟ್. ಹೀಗೆ ಬೆರಕೆ ದಿನಕ್ಕೆರಡು ಸಲ, ಆವಿಯಾಗೋ ಅವಕಾಶ ತಿಂಗಳಿಗೊಂದು ಸಲ.

ನಡುವೆ ಇ20 ಬಗ್ಗೆ ಒಂದು ಮಾತು, ಇಲ್ಲಾಂದ್ರೆ ಕಾಮೆಂಟ್‌ನಲ್ಲಿ ಅದನ್ನೇ ಕೇಳ್ತೀರಿ. ಶೇಕಡಾ 20 ಎಥೆನಾಲ್ ಬೆರೆಸಿದ ಈ ಪೆಟ್ರೋಲನ್ನ ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ, ಅದಕ್ಕೆ ಎಂಜಿನ್ ಸ್ವಲ್ಪ ಜಾಸ್ತಿ ಇಂಧನ ಸಿಂಪಡಿಸಬೇಕು. ಆವಿಯಾಗೋಕೂ ಅದಕ್ಕೆ ಶಾಖ ಹೆಚ್ಚು ಬೇಕು. ಆದ್ರೆ ಅದು ಕುದಿಯೋದು 78 ಡಿಗ್ರಿಗೆ, ಹಾಗಾಗಿ ಆಯಿಲ್ ಸರಿಯಾಗಿ ಬಿಸಿಯಾದ್ರೆ ಬೇಗ ಹೊರಟುಹೋಗುತ್ತೆ. ಇಲ್ಲೂ ಪ್ರಶ್ನೆ ಅದೇ, ಆಯಿಲ್ ಬಿಸಿಯಾಗ್ತಿದೆಯಾ ಇಲ್ವಾ. ಇ20 ಇಂದಲೇ ಆಯಿಲ್ ಹಾಳು ಅನ್ನೋ ವಾಟ್ಸಾಪ್ ಫಾರ್ವರ್ಡ್‌ಗೆ ನಾನು ಸಹಿ ಹಾಕಲ್ಲ.

ಸರಿ, ಬೆರೆತರೆ ನಷ್ಟ ಏನು? ಆಯಿಲ್ ತೆಳ್ಳಗಾಗುತ್ತೆ. ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗ್ ನಡುವೆ ಲೋಹಕ್ಕೆ ಲೋಹ ತಾಗದ ಹಾಗೆ ಕಾಯೋದು ಕೂದಲೆಳೆಗಿಂತಲೂ ತೆಳ್ಳಗಿನ ಆಯಿಲ್ ಪದರ. ಈಗಿನ ಎಷ್ಟೋ ಕಾರುಗಳಿಗೆ 0ಡಬ್ಲ್ಯೂ-20 ಆಯಿಲ್. ಆ 20 ಅನ್ನೋ ಸಂಖ್ಯೆಗೆ ಒಂದು ಅಳತೆ ಇದೆ: 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ, ಅಂದ್ರೆ ಮಂದತನ, 6.9ರಿಂದ 9.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. ಮೊದಲೇ ತೆಳ್ಳಗಿನ ಆಯಿಲ್, ಅದಕ್ಕೆ ಪೆಟ್ರೋಲ್ ಸೇರಿದ್ರೆ 6.9ರ ಕೆಳಗೆ ಇಳಿಯೋಕೆ ಜಾಸ್ತಿ ಬೇಕಾಗಲ್ಲ. ಸಾರಿಗೆ ನೀರು ಹಾಕಿದಾಗ ಉಪ್ಪು-ಖಾರ ಎರಡೂ ಸಪ್ಪೆ ಆಗುತ್ತಲ್ಲ, ಹಾಗೇ ಸವೆತ ತಡೆಯೋ, ಕೊಳೆ ತೊಳೆಯೋ ರಾಸಾಯನಿಕಗಳೂ ಸಪ್ಪೆ ಆಗುತ್ತವೆ. ಟೈಮಿಂಗ್ ಚೈನ್, ಟರ್ಬೊ, ಕ್ಯಾಮ್‌ಶಾಫ್ಟ್, ಇವಕ್ಕೆಲ್ಲ ಅದೇ ಆಯಿಲ್ ಗತಿ.

ಇಷ್ಟಾದ್ರೂ ಪೆಟ್ರೋಲಿಗೆ ಹೊರಗೆ ಹೋಗೋ ದಾರಿ ಇದೆ. ನನ್ನ ಲೆಕ್ಕದಲ್ಲಿ ನಮ್ಮ ಊರುಗಳಲ್ಲಿ ನಿಜವಾಗಿ ಹೆದರಬೇಕಾದವರು ಡೀಸೆಲ್ ಕಾರಿನವರು.

2020ರ ಏಪ್ರಿಲ್ 1ರಿಂದ ಬಿಎಸ್6 ಬಂತು, ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿಗೆ ಡಿಪಿಎಫ್ ಅನ್ನೋ ಮಸಿ ಹಿಡಿಯೋ ಜಾಲರಿ ಬಂತು. ಮಸಿ ತುಂಬಿದಾಗ ಅದನ್ನ ಸುಮಾರು 600 ಡಿಗ್ರಿಯಲ್ಲಿ ಸುಡಬೇಕು. ಅಷ್ಟು ಶಾಖ ತರೋಕೆ ಬಹಳಷ್ಟು ಕಾರುಗಳು ಮಾಡೋ ಉಪಾಯ ಏನಂದ್ರೆ, ಸಿಲಿಂಡರಿನಲ್ಲಿ ಉರಿಯೋದೆಲ್ಲ ಮುಗಿದ ಮೇಲೆ, ತಡವಾಗಿ ಇನ್ನೊಂದಿಷ್ಟು ಡೀಸೆಲ್ ಸಿಂಪಡಿಸೋದು. ಅದು ಉರಿಯದೆ ಹೊರಗೆ ಹೋಗಿ ಸೈಲೆನ್ಸರ್‌ ದಾರಿಯಲ್ಲಿ ಬಿಸಿ ಹುಟ್ಟಿಸುತ್ತೆ. ಆದ್ರೆ ಆ ಹೊತ್ತಿಗೆ ಪಿಸ್ಟನ್ ಕೆಳಗಿರುತ್ತೆ, ಗೋಡೆ ಬರಿದಾಗಿರುತ್ತೆ, ಒಂದು ಪಾಲು ಡೀಸೆಲ್ ಅಲ್ಲೇ ಅಂಟಿ ಆಯಿಲ್‌ಗೆ ಇಳಿಯುತ್ತೆ. ಪೆಟ್ರೋಲಿನ ಹಗುರ ಭಾಗ ಬೇಗ ಆವಿಯಾಗುತ್ತೆ ಅಂದೆನಲ್ಲ, ಡೀಸೆಲ್ ಕುದಿಯೋದೇ ಸುಮಾರು 180 ಡಿಗ್ರಿಯಿಂದ ಮೇಲೆ. 100 ಡಿಗ್ರಿಯ ಆಯಿಲ್ ಅದನ್ನ ಓಡಿಸೋಕಾಗಲ್ಲ. ಒಳಗೆ ಬಂದದ್ದು ಬಹುಪಾಲು ಒಳಗೇ.

ಹೈವೇಯಲ್ಲಿ ಈ ಸುಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತೆ. ಊರೊಳಗೆ ಅರ್ಧ ಆಗಿರುವಾಗಲೇ ನೀವು ಆಫ್ ಮಾಡ್ತೀರಿ. ನಾಳೆ ಮತ್ತೆ ಶುರು, ಮತ್ತೆ ಡೀಸೆಲ್ ಸಿಂಪಡಣೆ, ಮತ್ತೆ ಅರ್ಧಕ್ಕೆ ಆಫ್. ಗುರುತು ಹಿಡಿಯೋದು ಸುಲಭ: ನಿಂತಾಗ ಆರ್‌ಪಿಎಂ ಎಂದಿಗಿಂತ ಸ್ವಲ್ಪ ಮೇಲಿರುತ್ತೆ, ಮೈಲೇಜ್ ದಿಢೀರ್ ಕುಸಿಯುತ್ತೆ, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ಸದ್ದು ಮಾಡ್ತಿರುತ್ತೆ. ಅದು ಕಂಡ್ರೆ ಮನೆ ಬಂತು ಅಂತ ಆಫ್ ಮಾಡಬೇಡಿ, ರಿಂಗ್ ರೋಡಲ್ಲಿ ಹದಿನೈದಿಪ್ಪತ್ತು ನಿಮಿಷ ಸುತ್ತಿ ಬನ್ನಿ. ಡೀಸೆಲ್ ಕಾರಿನಲ್ಲಿ ಮಟ್ಟ ಮೇಲಿನ ಗೆರೆ ದಾಟಿದ್ರೆ ಮುಂದಿನ ಸರ್ವೀಸ್‌ವರೆಗೂ ಕಾಯೋ ಹಾಗೇ ಇಲ್ಲ.

ಈಗ ಆಯಿಲ್ ಪರೀಕ್ಷೆಗೆ ಬರೋಣ. ಇದು ಎಂಜಿನ್‌ನ ರಕ್ತ ಪರೀಕ್ಷೆ. 1940ರ ದಶಕದಲ್ಲಿ ಅಮೆರಿಕದ ರೈಲ್ವೆಯವರು ಡೀಸೆಲ್ ಲೋಕೋಮೋಟಿವ್‌ಗಳಿಗೆ ಶುರು ಮಾಡಿದ್ದು. ನಮ್ಮಲ್ಲಿ ಜೆಸಿಬಿ, ಲಾರಿ, ಜನರೇಟರ್ ಇಟ್ಟುಕೊಂಡಿರೋ ದೊಡ್ಡ ಕಂಪನಿಗಳು ಮಾಡಿಸ್ತಾರೆ, ಸ್ವಂತ ಕಾರಿಗೆ ಮಾಡಿಸೋರು ಕಡಿಮೆ. ಮಾಡಿಸೋದಾದ್ರೆ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್ ಹುಡುಕಿ, ನೂರು ಮಿಲಿಲೀಟರ್‌ನಷ್ಟು ಆಯಿಲ್ ಸಾಕು.

ರಿಪೋರ್ಟ್‌ನಲ್ಲಿ ಮೊದಲು ಕಣ್ಣಿಗೆ ಬೀಳೋದು ಲೋಹಗಳ ಪಟ್ಟಿ, ಪಿಪಿಎಂ ಲೆಕ್ಕದಲ್ಲಿ. ಕಬ್ಬಿಣ ಇದ್ರೆ ಸಿಲಿಂಡರ್, ಶಾಫ್ಟ್ ಸವೆತ. ಅಲ್ಯೂಮಿನಿಯಂ ಅಂದ್ರೆ ಹೆಚ್ಚಾಗಿ ಪಿಸ್ಟನ್. ತಾಮ್ರ, ಸೀಸ, ತವರ ಅಂದ್ರೆ ಬೇರಿಂಗ್ ಕಡೆ ನೋಡಬೇಕು. ಸಿಲಿಕಾನ್ ಅಂದ್ರೆ ಸಾಮಾನ್ಯವಾಗಿ ಧೂಳು, ಏರ್ ಫಿಲ್ಟರ್ ನೋಡಿ. ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಕಬ್ಬಿಣ 20 ಪಿಪಿಎಂ ಅಂದ್ರೆ ಮೂರೂವರೆ ಕಿಲೋ ಆಯಿಲ್‌ನಲ್ಲಿ ಒಟ್ಟು 70 ಮಿಲಿಗ್ರಾಂ, ಮೂರ್ನಾಲ್ಕು ಅಕ್ಕಿ ಕಾಳಿನ ತೂಕ. ಹೊಸ ಎಂಜಿನ್‌ನಲ್ಲಿ ಭಾಗಗಳು ಹದಕ್ಕೆ ಬರುವಾಗ ಇದಕ್ಕಿಂತ ಜಾಸ್ತಿಯೂ ಇರುತ್ತೆ.

ನಮಗೆ ಬೇಕಾದ್ದು ಇಂಧನದ ಸಾಲು. ಇದನ್ನ ಅಳೆಯೋಕೆ ಒಂದಕ್ಕಿಂತ ಹೆಚ್ಚು ದಾರಿ ಇದೆ, ಎಲ್ಲವೂ ಸಮ ಅಲ್ಲ. ಸ್ನಿಗ್ಧತೆ ನೋಡಿ ಅಂದಾಜು ಮಾಡೋದು ಒಂದು. ಹಳ್ಳಿ ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡ್ತಾರಲ್ಲ, ಹಾಗೆ. ಆದ್ರೆ ನೀರಿನ ಜೊತೆ ಸಕ್ಕರೆನೂ ಹಾಕಿದ್ರೆ ಲ್ಯಾಕ್ಟೋಮೀಟರ್ ಮೋಸ ಹೋಗುತ್ತೆ. ಇಲ್ಲೂ ಅದೇ ಆಟ: ಡೀಸೆಲ್ ಆಯಿಲನ್ನ ತೆಳು ಮಾಡುತ್ತೆ, ಮಸಿ ಮಂದ ಮಾಡುತ್ತೆ, ಎರಡೂ ಸೇರಿ ಸ್ನಿಗ್ಧತೆ ಸರಿಯಾಗೇ ಕಾಣುತ್ತೆ. ಎರಡನೇದು ಫ್ಲ್ಯಾಶ್ ಪಾಯಿಂಟ್, ಅಂದ್ರೆ ಯಾವ ಬಿಸಿಗೆ ಆಯಿಲ್‌ನ ಆವಿ ಬೆಂಕಿ ಹಿಡಿಯುತ್ತೆ ಅನ್ನೋದು. ಹೊಸ ಆಯಿಲ್‌ಗೆ ಸಾಮಾನ್ಯವಾಗಿ 200 ಡಿಗ್ರಿ ಮೇಲೆ, ಇಂಧನ ಸೇರಿದ್ರೆ ಇಳಿಯುತ್ತೆ. ಮೂರನೇದು ಗ್ಯಾಸ್ ಕ್ರೊಮ್ಯಾಟೋಗ್ರಫಿ, ಇಂಧನವನ್ನೇ ಬೇರ್ಪಡಿಸಿ ಅಳೆಯೋದು. ನಂಬೋದಾದ್ರೆ ಇದನ್ನ ನಂಬಿ. ಲ್ಯಾಬ್‌ಗೆ ಮೊದಲೇ ಕೇಳಿ, ಇಂಧನದ ಶೇಕಡಾವಾರು ಯಾವ ವಿಧಾನದಲ್ಲಿ ಕೊಡ್ತೀರಿ ಅಂತ.

ಸಾಮಾನ್ಯವಾಗಿ ಶೇಕಡಾ 2 ದಾಟಿದ್ರೆ ಗಮನ ಕೊಡಿ, 5 ದಾಟಿದ್ರೆ ಆಯಿಲ್ ಬದಲಾಯಿಸಿ ಕಾರಣ ಹುಡುಕಿ ಅನ್ನೋದು ವಾಡಿಕೆ. ನಾಲ್ಕು ಲೀಟರ್ ಆಯಿಲ್‌ನಲ್ಲಿ ಶೇಕಡಾ 5 ಅಂದ್ರೆ 200 ಎಂಎಲ್, ಒಂದು ಲೋಟ ಪೆಟ್ರೋಲ್.

ಒಂದು ಸೂಕ್ಷ್ಮ ಹೇಳಲೇಬೇಕು. ಸ್ಯಾಂಪಲ್ ಕೊಡೋ ದಿನ ಮೈಸೂರು ರೋಡಲ್ಲಿ ಎಂಬತ್ತು ಕಿಲೋಮೀಟರ್ ಓಡಿಸಿಕೊಂಡು ಹೋದ್ರೆ ಪೆಟ್ರೋಲ್ ಎಷ್ಟೋ ಆವಿಯಾಗಿ, ರಿಪೋರ್ಟ್ ಚಿನ್ನದ ಹಾಗೆ ಬರುತ್ತೆ. ಪರೀಕ್ಷೆಗೆ ಮುಂಚೆ ಮೂರು ದಿನ ಸಿಹಿ ಬಿಟ್ಟು ಶುಗರ್ ಟೆಸ್ಟ್ ಮಾಡಿಸೋರ ಥರ. ನೀವು ದಿನಾ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ ಸ್ಯಾಂಪಲ್ ತೆಗೆಯಿರಿ. ಡ್ರೈನ್ ಮಾಡುವಾಗ ಮೊದಲ ಧಾರೆ ಬಿಟ್ಟು ಮಧ್ಯದ್ದನ್ನ ಹಿಡಿಯಿರಿ. ಎಷ್ಟು ಕಿಲೋಮೀಟರ್ ಓಡಿದ ಆಯಿಲ್, ಯಾವ ಗ್ರೇಡ್ ಅಂತ ಬರೆದು ಕೊಡಿ. ಒಂದೇ ರಿಪೋರ್ಟ್‌ನಿಂದ ತೀರ್ಪು ಕೊಡೋಕೆ ಹೋಗಬೇಡಿ, ಎರಡು ಮೂರು ಸರ್ವೀಸ್‌ನ ರಿಪೋರ್ಟ್ ಪಕ್ಕದಲ್ಲಿಟ್ಟಾಗಲೇ ಅದು ಮಾತಾಡೋದು.

ಎಲ್ಲರಿಗೂ ಲ್ಯಾಬ್ ಬೇಕಾ? ಬೇಡ. ತಿಂಗಳಿಗೊಂದು ಸಲ, ಸಮತಟ್ಟಾದ ಜಾಗದಲ್ಲಿ, ಒಂದೇ ರೀತಿಯಲ್ಲಿ ಡಿಪ್‌ಸ್ಟಿಕ್ ನೋಡಿ ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಅನ್ನೋದು ಸಾಧಾರಣ ಓಡಾಟಕ್ಕೆ ಹೇಳಿದ್ದು. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪುಟ ಇರುತ್ತೆ, ಪದೇಪದೇ ಸಣ್ಣ ದೂರ, ನಿಂತು ನಿಂತು ಹೋಗೋ ಟ್ರಾಫಿಕ್, ಧೂಳು ಅಂತ ಬರೆದಿರುತ್ತೆ. ನಗರದೊಳಗೆ ಓಡಿಸೋರೆಲ್ಲ ಆ ಪುಟದವರೇ. ಅದರ ಪ್ರಕಾರ ಆಯಿಲ್ ಬೇಗ ಬದಲಾಯಿಸಿ, ಆ ದುಡ್ಡು ಲ್ಯಾಬ್‌ಗಿಂತ ಒಳ್ಳೇ ಖರ್ಚು. ವಾರಕ್ಕೊಂದು ಸಲ ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಲ್ಲಿಸದೆ ಓಡಿಸಿ. ಮೂರೂವರೆ ಕಿಲೋಮೀಟರ್‌ಗೆ ಸೈಕಲ್ಲೋ ಬಸ್ಸೋ ಸಿಕ್ಕಿದ್ರೆ ಇನ್ನೂ ಒಳ್ಳೇದು. ಸರ್ವೀಸ್‌ನಲ್ಲಿ ಬಿಲ್‌ಗೆ ಸೇರಿಸೋ ಎಂಜಿನ್ ಫ್ಲಶ್, ಆಯಿಲ್ ಅಡಿಟಿವ್‌ಗಳಿಂದ ಈ ಬೆರಕೆ ನಿಲ್ಲಲ್ಲ. ಮ್ಯಾನ್ಯುಯಲ್‌ನಲ್ಲಿ ಇಲ್ಲದ ದಪ್ಪ ಆಯಿಲ್ ಹಾಕಿಸೋ ಐಡಿಯಾನೂ ವಾರಂಟಿ ಇರೋತನಕ ಬೇಡ.

ಹೀಗೆಲ್ಲ ಮಾಡಿದ ಮೇಲೂ ಮಟ್ಟ ಏರ್ತಾನೇ ಇದ್ರೆ ಅದು ಓಡಿಸೋ ರೀತಿಯ ತೊಂದರೆ ಅಲ್ಲ. ಇಂಜೆಕ್ಟರ್ ಸೋರುತ್ತಿರಬಹುದು, ಹೈ ಪ್ರೆಷರ್ ಪಂಪ್ ಸೀಲ್ ಹೋಗಿರಬಹುದು, ಥರ್ಮೋಸ್ಟಾಟ್ ತೆರೆದೇ ನಿಂತಿದ್ದು ಎಂಜಿನ್ ಬಿಸಿಯಾಗ್ತಾನೇ ಇಲ್ಲದಿರಬಹುದು. ಆಗ ಸರ್ವೀಸ್ ಸೆಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿ ಬರಬೇಡಿ. "ಆಯಿಲ್ ಮಟ್ಟ ಏರುತ್ತಿದೆ, ಇಂಧನದ ವಾಸನೆ ಇದೆ" ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ, ಅದರ ಪ್ರತಿ ಮತ್ತು ತಿಂಗಳ ಫೋಟೋಗಳನ್ನ ಇಟ್ಟುಕೊಳ್ಳಿ. ನಾಳೆ ವಾರಂಟಿ ವಾದ ಬಂದ್ರೆ ನಿಮ್ಮ ಕೈಯಲ್ಲಿ ಇರೋದು ಅದೇ.

ಪ್ರಶ್ನೆ ಕಳಿಸಿದವರಿಗೆ: ಈ ವಾರವೇ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಹೊಸ ಆಯಿಲ್ ಮೇಲಿನ ಗೆರೆ ದಾಟದ ಹಾಗೆ ಎದುರಿಗೇ ನಿಂತು ಹಾಕಿಸಿ, ಮೊದಲ ಫೋಟೋ ಅವತ್ತೇ ತೆಗೆಯಿರಿ. ಎರಡು ತಿಂಗಳ ನಂತರ ಮತ್ತೆ ಬರೆಯಿರಿ, ಮಟ್ಟ ಎಲ್ಲಿದೆ ಅಂತ ನೋಡೋಣ.